ಹಂತ ಹಂತವಾಗಿ ಅಪ್ಪ

ನೆರಳಿಗೆ ಊಟ ಬಡಿಸಬೇಕೋ ಬೇಡವೋ? ಬಡಿಸದಿದ್ದರೆ ಅಪ್ಪನನ್ನು ಮನೆಯಲ್ಲಿ ಇಟ್ಟುಕೊಂಡೇ ಉಪವಾಸ ಕೆಡವಿದಂತೆ. ಬಡಿಸಿದರೆ, ಬದುಕಿರುವವನ ಮುಂದೆ ಎಡೆ ಇಟ್ಟಂತೆ. ಎಡೆಯಾದರೆ ಕಾಗೆಯನ್ನಾದರೂ ಕರೆಯಬಹುದು. ಇಲ್ಲಿ ಯಾರನ್ನು ಕರೆಯುವುದು? ಬಡಿಸುವುದೇ ಸರಿಯೆಂದರೂ ತಟ್ಟೆಯನ್ನು ನೆಲದ ಮೇಲಿಡಬೇಕೋ, ಅಪ್ಪ ಬಿದ್ದಿರುವ ಗೋಡೆಗೆ ಒರಗಿಸಬೇಕೋ? ಅನ್ನದ ಪಾತ್ರೆ ಹಿಡಿದು ಹೀಗೆ ಯೋಚಿಸುತ್ತ ನಿಂತಿದ್ದೆ. ಸಾರು ಆರುತ್ತಿತ್ತು. ಅಪ್ಪನ ನೆರಳು ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಕಾಲು ಅಗಲಿಸಿ, ಒಂದು ಕೈ ಮೇಲೆತ್ತಿ, ಇಲ್ಲದ ಕಂಬಿಯನ್ನು ಹಿಡಿದು ನಿಂತಿತ್ತು. ಹಸಿದಂತೆಯೂ ಕಾಣಲಿಲ್ಲ, ಹೊಟ್ಟೆ ತುಂಬಿದಂತೆಯೂ ಕಾಣಲಿಲ್ಲ.

"ಬಡಿಸಪ್ಪ, ಬಡಿಸು," ಎಂದರು ಪಕ್ಕದ ಮನೆಯ ಕಮಲಾಕ್ಷಮ್ಮ, ತಮ್ಮ ಕಿಟಕಿಯಿಂದಲೇ. "ನಮ್ಮನೆಯೋರ ನೆರಳಿಗೆ ನಾನು ದಿನಾ ಬಡಿಸ್ತೀನಿ. ಆಮೇಲೆ ನಾನೇ ಉಂಡುಬಿಡ್ತೀನಿ. ಉಪ್ಪು ಕಮ್ಮಿ, ಹುಳಿ ಜಾಸ್ತಿ ಅನ್ನೋ ಮಾತೇ ಇಲ್ಲ. ಮದ್ವೆ ಆದಾಗ್ನಿಂದ ಇಷ್ಟು ನೆಮ್ಮದಿಯಾಗಿ ಉಂಡೇ ಇರ್ಲಿಲ್ಲ ಕಣಪ್ಪ."

ನಾನು ತಲೆಯಾಡಿಸಿದೆ. ಮಾತಿನ ಬದಲು ತಲೆಯಾಡಿಸುವುದು ನನ್ನ ಅಭ್ಯಾಸ. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಮನೆಯಲ್ಲೇ ಕುಳಿತು ಪರೀಕ್ಷೆಯ ಗೈಡುಗಳ ಕರಡು ತಿದ್ದುತ್ತಿದ್ದೆ. ಗೈಡುಗಳಲ್ಲಿ ಎಲ್ಲ ಪ್ರಶ್ನೆಗೂ ಉತ್ತರ ಇದ್ದೇ ಇರುತ್ತದೆ; ಅಂಥ ಕಡೆ ಇನ್ನೊಬ್ಬರು ಮಾತನಾಡುವ ಅಗತ್ಯ ಬೀಳುವುದಿಲ್ಲ. ಅಪ್ಪ ಸಿಟಿ ಬಸ್ಸಿನ ಕಂಡಕ್ಟರಾಗಿದ್ದವನು. ನಿವೃತ್ತನಾದ ಮೇಲೂ ಮನೆಯನ್ನು ಬಸ್ಸಿನಂತೆಯೇ ನಡೆಸಿದ. ಬೆಳಿಗ್ಗೆ "ಏಳ್ರಿ, ಏಳ್ರಿ, ಸ್ಟಾಪ್ ಬಂತು" ಎಂದು ಎಬ್ಬಿಸುತ್ತಿದ್ದ. ಬಚ್ಚಲಿಗೆ ಹೋದರೆ "ಬೇಗ ಮುಂದೆ ಹೋಗ್ರಿ, ಹಿಂದೆ ಜನ ನಿಂತವ್ರೆ" ಎನ್ನುತ್ತಿದ್ದ. ಹಿಂದೆ ಅವನೊಬ್ಬನೇ ನಿಂತಿರುತ್ತಿದ್ದ. ಅಮ್ಮ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದಳು, ಮನೆಯಲ್ಲಿ ನಾವಿಬ್ಬರೇ. ನಾನು ಎಂ.ಎ. ಸೇರಿದ ದಿನ ಅಪ್ಪ ಕೇಳಿದ್ದು ಒಂದೇ ಮಾತು: "ಫಿಲಾಸಫಿ ಓದಿದೋರು ಯಾವ ಸ್ಟಾಪಲ್ಲಿ ಇಳೀತಾರಪ್ಪ?" ಆ ಪ್ರಶ್ನೆಯನ್ನು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಅಪ್ಪ ಊರು ಬಿಟ್ಟದ್ದು ನಿವೃತ್ತ ಕಂಡಕ್ಟರುಗಳ ಸಂಘದಿಂದಾಗಿ. 'ಜೀವಮಾನವೆಲ್ಲ ಬಸ್ಸಿನಲ್ಲಿ ನಿಂತಿದ್ದೇವೆ, ಒಮ್ಮೆ ವಿಮಾನದಲ್ಲಿ ಕೂರೋಣ' ಎಂದು ಅವರು ಠರಾವು ಮಾಡಿ ಸಮುದ್ರ ನೋಡಲು ಹೊರಟರು. ನಾನು ವಿಮಾನ ನಿಲ್ದಾಣದವರೆಗೆ ಹೋಗಿದ್ದೆ. "ಬರ್ತೀನಿ ಕಣೋ," ಎಂದ ಅಪ್ಪ. ನಮ್ಮ ಕಡೆ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ. 'ಹೋಗಿ ಬಾ' ಎಂದು ಹೇಳಬೇಕಾದವನು ನಾನು. ತಲೆಯಾಡಿಸಿದೆ. ಅಪ್ಪ ಸಮುದ್ರ ಮುಟ್ಟುವ ಹೊತ್ತಿಗೆ ಎಲ್ಲೆಡೆ ಕಾಯಿಲೆ ಹಬ್ಬಿ, ನಮ್ಮ ಊರು ತನ್ನ ಆಕಾಶವನ್ನು ಮುಚ್ಚಿತು. ಒಂದು ವಿಮಾನವೂ ಇಳಿಯುವಂತಿಲ್ಲ. ಫೋನಿನಲ್ಲಿ ಬರುವ ದನಿಯೂ ಹೊರಗಿನಿಂದ ಬರುವಂಥದ್ದೇ ಎಂದು ಅದನ್ನೂ ನಿಲ್ಲಿಸಿದರು. ಗಾಳಿಯನ್ನು ತಡೆಯಬೇಕೆಂದು ಕೆಲವರು ಅರ್ಜಿ ಕೊಟ್ಟಿದ್ದರು, ಅದು ಪರಿಶೀಲನೆಯಲ್ಲಿತ್ತು.

ಎರಡು ಮಳೆಗಾಲ ಕಳೆದ ಮೇಲೆ ಮೇಲಿನಿಂದ ಆದೇಶ ಬಂತು: 'ಪ್ರಯಾಣಿಕರನ್ನು ಹಂತ ಹಂತವಾಗಿ ಒಳಗೆ ಬಿಡತಕ್ಕದ್ದು.' ಬೇರೆ ಊರುಗಳಲ್ಲಿ ಇದನ್ನು ಹೇಗೆ ಓದಿಕೊಂಡರೋ ಗೊತ್ತಿಲ್ಲ. ನಮ್ಮ ಪ್ರವೇಶಾಧಿಕಾರಿ ತ್ರಿಯಂಬಕಯ್ಯನವರು ಆದೇಶವನ್ನು ಅಕ್ಷರ ಬಿಡದೆ ಪಾಲಿಸುವವರು. ವಿಮಾನ ನಿಲ್ದಾಣದ ಮುಂದೆ ಜನರನ್ನು ಸೇರಿಸಿ ವಿವರಿಸಿದರು: ಮೊದಲನೆಯ ಹಂತದಲ್ಲಿ ಪ್ರಯಾಣಿಕರ ಸಾಮಾನು, ಎರಡನೆಯದರಲ್ಲಿ ನೆರಳು, ಮೂರರಲ್ಲಿ ದನಿ, ಕೊನೆಗೆ ಆಳು. ಜನ ತಲೆದೂಗಿದರು. ಒಮ್ಮೆಲೇ ಇಡೀ ಮನುಷ್ಯನನ್ನು ಒಳಗೆ ಬಿಟ್ಟುಕೊಳ್ಳುವುದು ಅಪಾಯ ಎಂಬುದು ಎಲ್ಲರಿಗೂ ಅನುಭವದಿಂದ ಗೊತ್ತಿತ್ತು. ಒಬ್ಬ ಮಾತ್ರ ಎದ್ದು ನಿಂತು, "ಸಾರ್, ಚಪ್ಪಲಿ ಯಾವ ಹಂತದಲ್ಲಿ?" ಎಂದು ಕೇಳಿದ.

"ಕೈಯಲ್ಲಿದ್ರೆ ಸಾಮಾನು," ಎಂದರು ತ್ರಿಯಂಬಕಯ್ಯನವರು ಸ್ವಲ್ಪ ಯೋಚಿಸಿ. "ಕಾಲಲ್ಲಿದ್ರೆ ಆಳು."

ಮೊದಲ ವಿಮಾನ ಇಳಿದ ದಿನ ವಾದ್ಯದವರನ್ನು ಕರೆಸಿದ್ದರು. ಸೀಟುಗಳಲ್ಲಿ ಬೆಲ್ಟು ಕಟ್ಟಿಕೊಂಡು ಸೂಟ್‌ಕೇಸುಗಳು, ಟ್ರಂಕುಗಳು, ಹಗ್ಗ ಬಿಗಿದ ಬುಟ್ಟಿಗಳು ಬಂದವು. ಮೊದಲು ಇಳಿದ ಟ್ರಂಕಿಗೆ ತ್ರಿಯಂಬಕಯ್ಯನವರು ಹಾರ ಹಾಕಿ, ವಿಮಾನಯಾನ ಚೇತರಿಸಿಕೊಂಡಿದೆ ಎಂದು ಘೋಷಿಸಿದರು. ಅಪ್ಪನ ಬ್ಯಾಗಿನಲ್ಲಿ ಒಗೆದ ಪಂಚೆ, ಅರ್ಧ ಖಾಲಿಯಾದ ನಶ್ಯದ ಡಬ್ಬಿ, ಟವೆಲಿನಲ್ಲಿ ಸುತ್ತಿದ ಒಂದು ಕಪ್ಪೆಚಿಪ್ಪು ಇದ್ದವು. ಕಪ್ಪೆಚಿಪ್ಪು ನನಗೆಂದು ತಂದದ್ದೋ, ಸುಮ್ಮನೆ ಕೈಗೆ ಸಿಕ್ಕಿದ್ದೋ, ಕೇಳಲು ಅಪ್ಪನ ಬೇರೆ ಯಾವ ಭಾಗವೂ ಅಲ್ಲಿರಲಿಲ್ಲ.

ನೆರಳುಗಳನ್ನು ಸಂಜೆಯ ವಿಮಾನದಲ್ಲಿ ತರಿಸಿದರು. ಮಧ್ಯಾಹ್ನ ಇಳಿಸಿದರೆ ಗಿಡ್ಡವಾಗಿ ಬಿದ್ದು ಮನೆಯವರಿಗೆ ಗುರುತು ಸಿಗುವುದಿಲ್ಲ ಎಂಬುದು ತ್ರಿಯಂಬಕಯ್ಯನವರ ಮುಂದಾಲೋಚನೆ. ಆದರೂ ಗಲಾಟೆ ಆಯಿತು. ಒಂದೇ ನೆರಳಿಗೆ ಇಬ್ಬರು ಸೊಸೆಯರು ಜಗಳವಾಡಿ, ಅದು ಅತ್ತೆಯದೆಂದು ತಿಳಿದೊಡನೆ ಇಬ್ಬರೂ ಬಿಟ್ಟುಕೊಟ್ಟರು. ಕಮಲಾಕ್ಷಮ್ಮ ತಮ್ಮ ಯಜಮಾನರನ್ನು ಹೊಟ್ಟೆಯಿಂದ ಗುರುತಿಸಿದರು. ನಾನು ಅಪ್ಪನನ್ನು ಎತ್ತಿದ ಕೈಯಿಂದ. ಬಸ್ಸು ಎಷ್ಟೇ ಖಾಲಿ ಇರಲಿ, ಅಪ್ಪ ಎಂದೂ ಸೀಟಿನಲ್ಲಿ ಕುಳಿತವನಲ್ಲ. ನೆರಳು ನನ್ನ ಹಿಂದೆ ಬಂತು. ಗೋಡೆ ಸಿಕ್ಕಲ್ಲಿ ಎದ್ದು ನಿಂತು, ರಸ್ತೆ ಸಿಕ್ಕಲ್ಲಿ ಮಲಗಿ, ಚರಂಡಿಯನ್ನು ಮಡಚಿಕೊಂಡು ದಾಟಿ ಮನೆ ಸೇರಿತು.

ಊರು ನೆರಳುಗಳಿಗೆ ಬೇಗ ಹೊಂದಿಕೊಂಡಿತು. ಒಂದು ಮದುವೆಯಲ್ಲಿ ಸೋದರಮಾವನ ನೆರಳೇ ಹಸೆಮಣೆಯ ಪಕ್ಕ ಬಿದ್ದು ಶಾಸ್ತ್ರ ಮುಗಿಸಿತು. ಈ ಬಾರಿ ಮಾವನಿಗೆ ಕೊಟ್ಟ ಮರ್ಯಾದೆ ಸಾಲದೆಂಬ ಜಗಳ ಆಗಲಿಲ್ಲ. ಸಹಕಾರ ಸಂಘದ ಸಭೆಗೆ ಅಧ್ಯಕ್ಷರ ನೆರಳು ಬಂದು ಕುರ್ಚಿಯ ಮೇಲೆ ಬಿತ್ತು. ಸಭೆ ಎಂದಿಗಿಂತ ಬೇಗ ಮುಗಿಯಿತು, ನಿರ್ಣಯಗಳೇನೂ ಬದಲಾಗಲಿಲ್ಲ. ಬಿಸಿಲಿಗೆ ಹೊರಟವರು ಮನೆಯ ಹಿರಿಯರ ನೆರಳನ್ನು ಕರೆದುಕೊಂಡು ಹೋಗಿ ಅದರ ಕೆಳಗೆ ನಡೆಯುತ್ತಿದ್ದರು. ಹಿರಿಯರ ನೆರಳಿನಲ್ಲಿ ಬದುಕುವುದು ಎಂದು ಭಾಷಣಗಳಲ್ಲಿ ಕೇಳಿದ್ದೆವು. ಅದು ಇಷ್ಟು ತಂಪಾಗಿರುತ್ತದೆಂದು ಯಾರೂ ಹೇಳಿರಲಿಲ್ಲ.

ನನಗಂತೂ ಅವು ಜೀವನದ ಒಳ್ಳೆಯ ದಿನಗಳು. ನಾನು ಕಿಟಕಿಯ ಬಳಿ ಕುಳಿತು ಕರಡು ತಿದ್ದುತ್ತಿದ್ದೆ. ಅಪ್ಪ ಗೋಡೆಯ ಮೇಲೆ ನಿಂತಿರುತ್ತಿದ್ದ. ಹೊತ್ತು ಇಳಿದಂತೆ ನೆರಳು ಉದ್ದವಾಗಿ ನೆಲಕ್ಕೆ ಬಂದು, ಮೇಜನ್ನು ಹತ್ತಿ, ನಾನು ಓದುತ್ತಿದ್ದ ಪುಟದ ಮೇಲೆ ತಲೆ ಇಡುತ್ತಿತ್ತು. ಅಕ್ಷರ ಕಾಣದಾಗ ನಾನು ಪೆನ್ನು ಕೆಳಗಿಟ್ಟು ಸುಮ್ಮನೆ ಕೂರುತ್ತಿದ್ದೆ. ಅಪ್ಪನ ಜೊತೆ ಅಷ್ಟು ಹೊತ್ತು ಒಂದೇ ಕೋಣೆಯಲ್ಲಿ ನಾನು ಹಿಂದೆಂದೂ ಇದ್ದವನಲ್ಲ. ಅವನಲ್ಲಿ ಇಷ್ಟು ಮೌನ ಇದ್ದಿರಬಹುದೆಂದು, ಅದು ಎಲ್ಲೋ ಮಾತಿನ ಕೆಳಗೆ ಸಿಕ್ಕಿಕೊಂಡಿತ್ತೆಂದು ನನಗೆ ಹೊಳೆದಿರಲಿಲ್ಲ. ಅಪ್ಪ ಇಷ್ಟೇ ಬಂದು ಉಳಿದದ್ದು ಅಲ್ಲೇ ಇದ್ದರೆ? ಹಾಗೆಂದುಕೊಂಡ ದಿನ ನೆರಳಿನ ಮುಖ ನೋಡಲು ಹೆದರಿದೆ. ನೆರಳಿಗೆ ಮುಖ ಇರುವುದಿಲ್ಲ ಎಂಬುದು ಆಗ ನೆನಪಾಗಲಿಲ್ಲ.

ಹಾಗೆ ಯೋಚಿಸಿದವನು ನಾನೊಬ್ಬನೇ ಅಲ್ಲ. ಕಮಲಾಕ್ಷಮ್ಮನ ಮುಂದಾಳತ್ವದಲ್ಲಿ ಊರಿನ ಅನೇಕರು ತ್ರಿಯಂಬಕಯ್ಯನವರ ಕಚೇರಿಗೆ ಹೋಗಿ, ಎರಡನೆಯ ಹಂತವನ್ನೇ ಖಾಯಂ ಮಾಡಬೇಕೆಂದು ಕೇಳಿದರು.

"ಚೇತರಿಕೆಯನ್ನ ಮಧ್ಯದಲ್ಲಿ ನಿಲ್ಲಿಸೋಕಾಗಲ್ಲಮ್ಮ," ಎಂದರು ಅವರು. "ಸಾಮಾನು ಬಂದಾಗ ಒಬ್ಬ ಪ್ರಯಾಣಿಕ ಅಂತ ಎಣಿಸಿದೀವಿ. ನೆರಳು ಬಂದಾಗ ಇನ್ನೊಬ್ಬ. ದನಿ ಬಂದ್ರೆ ಮತ್ತೊಬ್ಬ. ಕಾಯಿಲೆಗಿಂತ ಮುಂಚೆ ಇದ್ದ ಪ್ರಯಾಣಿಕರ ಸಂಖ್ಯೆನ ಆಗಲೇ ದಾಟಿದೀವಿ. ಮೇಲಿನೋರಿಗೆ ತುಂಬಾ ಸಂತೋಷ ಆಗಿದೆ."

"ಬಂದಿರೋದು ನಮ್ಮ ಯಜಮಾನ್ರೊಬ್ರೇ ಅಲ್ವಾ ಸಾರ್?"

"ಲೆಕ್ಕದಲ್ಲಿ ಎರಡು ಜನ ಬಂದವ್ರೆ."

"ಹಂಗಾದ್ರೆ ಇನ್ನೊಬ್ರನ್ನ ನೀವೇ ಇಟ್ಕೊಳ್ಳಿ," ಎಂದು ಕಮಲಾಕ್ಷಮ್ಮ ಎದ್ದು ಬಂದರು. ಆದರೂ ಅವರ ಮಾತು ವ್ಯರ್ಥವಾಗಲಿಲ್ಲ. ಕೊನೆಯ ಹಂತಕ್ಕೆ ತ್ರಿಯಂಬಕಯ್ಯನವರು ಒಂದು ನಿಯಮ ಸೇರಿಸಿದರು: ಆಳು ಬಂದಿಳಿದ ದಿನ ಮನೆಯವರು ಬಾಗಿಲಲ್ಲಿ ನಿಂತು ಕರೆಯಬೇಕು. ಕರೆದರೆ ಒಳಗೆ. ಕರೆಯದಿದ್ದರೆ ಅದೇ ವಿಮಾನದಲ್ಲಿ ನೆರಳು, ದನಿ ಸಮೇತ ವಾಪಸು. ಮತ್ತೆ ಈ ಊರಿಗೆ ಪ್ರವೇಶವಿಲ್ಲ.

ದನಿಗಳನ್ನು ಕರೆತರಲು ಯಾರೂ ಹೋಗಬೇಕಾಗಿರಲಿಲ್ಲ. ಅವಕ್ಕೆ ದಾರಿ ಗೊತ್ತು, ತಾವೇ ಬರುತ್ತವೆ ಎಂದು ಹೇಳಿದ್ದರು. ನಿಲ್ದಾಣದಲ್ಲಿ ವೈದ್ಯರು ಪ್ರತಿ ದನಿಯನ್ನೂ 'ಆ' ಅನ್ನಿಸಿ, ಎದುರಿನ ಖಾಲಿ ಜಾಗಕ್ಕೆ ಟಾರ್ಚು ಬಿಟ್ಟು ನೋಡಿ ಕಳಿಸಿದರಂತೆ. ನಾನು ಮನೆಯಲ್ಲಿ ಕುಳಿತಿದ್ದೆ. ದೂರದಿಂದಲೇ ಕೇಳಿಸಿತು. "ಗಡಿಯಾರದ ಕಂಬ, ಗಡಿಯಾರದ ಕಂಬ... ರೈಟ್!" ಸ್ವಲ್ಪ ಹೊತ್ತಿಗೆ "ಹಳೇ ಸಂತೆಪೇಟೆ ಇಳಿಯೋರು ಮುಂದೆ ಬನ್ನಿ... ರೈಟ್!" ಕಣ್ಣಿಲ್ಲದ ದನಿ ತನ್ನ ಹಳೆಯ ರೂಟನ್ನು ಹಿಡಿದು, ಒಂದು ಸ್ಟಾಪನ್ನೂ ಬಿಡದೆ ಕೂಗುತ್ತ ಬರುತ್ತಿತ್ತು. ನಮ್ಮ ಮನೆ ಇರುವುದು ಆ ರೂಟಿನ ಕೊನೆಯ ಸ್ಟಾಪಿನಲ್ಲಿ. "ಹುಣಸೇಮರ, ಹುಣಸೇಮರ! ಯಾರ್ರೀ ಇಳಿಯೋರು, ಇಳೀರಿ!" ಎಂದು ಕೂಗಿ, ಹೊಸ್ತಿಲು ದಾಟಿ ಒಳಗೆ ಬಂತು.

"ಲೋ, ಇದ್ಯೇನೋ?"

ನಾನು ತಲೆಯಾಡಿಸಿದೆ.

"ಲೋ, ನಿನ್ನೇ ಕಣೋ. ಇದೀಯಾ?"

ಮತ್ತೆ ತಲೆಯಾಡಿಸಿದೆ. ನನಗೆ ನೆನಪಿದ್ದಾಗಿನಿಂದ ಅಪ್ಪನ ಪ್ರಶ್ನೆಗಳಿಗೆಲ್ಲ ನಾನು ಕೊಟ್ಟದ್ದು ಅದೊಂದೇ ಉತ್ತರ. ಅದು ಕಣ್ಣಿದ್ದವರಿಗೆ ಮಾತ್ರ ತಲುಪುತ್ತದೆ ಎಂದು ಎಂದೂ ಯೋಚಿಸಿರಲಿಲ್ಲ. ಅದು ಹೊಳೆದು ಬಾಯಿ ತೆರೆಯುವಷ್ಟರಲ್ಲಿ ದನಿ ಇಳಿಯಿತು. "ಇಲ್ಲ. ಎಲ್ಲೋ ಹೋಗವ್ನೆ," ಎಂದುಕೊಂಡಿತು. ಆಗ 'ಇದ್ದೇನೆ' ಎಂದರೆ, ಇಷ್ಟು ಹೊತ್ತು ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆ ಬರುತ್ತದೆ. ಸಂಜೆ ಹೇಳೋಣ ಎಂದುಕೊಂಡೆ. ಸಂಜೆ ಕಾರಣ ಇನ್ನಷ್ಟು ದೊಡ್ಡದಾಗಿತ್ತು. ಮಾರನೆಯ ದಿನ ನಾನು ಸದ್ದಾಗದಂತೆ ಪುಟ ತಿರುಗಿಸುತ್ತಿದ್ದೆ, ಒಗ್ಗರಣೆ ಹಾಕುವುದನ್ನು ಬಿಟ್ಟಿದ್ದೆ. ಕೆಮ್ಮು ಬಂದರೆ ಹಿತ್ತಲಿಗೆ ಓಡುತ್ತಿದ್ದೆ.

ಪಕ್ಕದ ಮನೆಯಲ್ಲಿ ಬೇರೆಯೇ ಕಥೆ. ಕಮಲಾಕ್ಷಮ್ಮ ಯಜಮಾನರ ದನಿಯ ಜೊತೆ ಬೆಳಗಿನಿಂದ ರಾತ್ರಿಯವರೆಗೆ ಜಗಳವಾಡುತ್ತಿದ್ದರು. "ಈಗ ಎದ್ದು ಹೋಗಿ ನೋಡೋಣ! ಕಾಲು ಎಲ್ಲಿದೆ?" ಎಂದು ಅವರು ಕೇಳಿದರೆ, "ನಿನ್ನ ಮಾತು ಕೇಳೋಕೆ ಕಿವಿ ಒಂದು ಬಂದಿಲ್ಲ, ದೇವ್ರು ದೊಡ್ಡೋನು" ಎಂದು ದನಿ ಹೇಳುತ್ತಿತ್ತು. ಆಕೆ ಹೇಳಿದ್ದಕ್ಕೆಲ್ಲ ತಪ್ಪದೆ ಉತ್ತರವನ್ನೂ ಕೊಡುತ್ತಿತ್ತು. ಊರಿನ ತುಂಬ ಹೀಗೆಯೇ. ಮಾತಿಗೆ ಮಾತು ಸಿಗದೆ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ.

ಮೊದಮೊದಲು ಅಪ್ಪನ ದನಿ ಕೋಣೆಯಿಂದ ಕೋಣೆಗೆ ಹೋಗಿ ಖಾಲಿ ಬಸ್ಸನ್ನು ತಪಾಸಣೆ ಮಾಡುವಂತೆ ಕೂಗುತ್ತಿತ್ತು. ಆಮೇಲೆ ಕೂಗು ಕಡಿಮೆಯಾಯಿತು. ಕೇಳುವವರಿಲ್ಲದಿದ್ದರೆ ಕಂಡಕ್ಟರೂ ಮೆಲ್ಲಗೆ ಮಾತನಾಡುತ್ತಾನೆ ಎಂದು ನನಗೆ ಆಗ ತಿಳಿಯಿತು. ಒಂದು ಮಧ್ಯಾಹ್ನ ಅದು ನನ್ನ ಮೇಜಿನ ಪಕ್ಕವೇ, ನೆರಳು ಬಿದ್ದಿದ್ದ ಜಾಗದಿಂದ ಮಾತನಾಡತೊಡಗಿತು. ನಾನು ಪೆನ್ನನ್ನು ಹಾಳೆಯಿಂದ ಎತ್ತಿ ಹಿಡಿದೆ.

"ಅವನಿಗೆ ಮಾತು ಬರಲ್ಲ ಅಂತ ಎಲ್ರೂ ಅಂತಾರೆ," ಎಂದಿತು. "ಬರುತ್ತೆ. ಸಣ್ಣೋನಿದ್ದಾಗ ಎಷ್ಟು ಮಾತಾಡ್ತಿದ್ದ. ಅವಳು ಹೋದ್ಮೇಲೆ ಮನೆ ಬಿಕೋ ಅಂತಿತ್ತು ನೋಡು, ನಾನು ತುಂಬ್ಸಿದೆ. ಬಸ್ ತುಂಬ್ಸಿದ ಹಂಗೆ. ಒಳಗೆ ಹೋಗಿ, ಒಳಗೆ ಹೋಗಿ ಅಂತ ಬರೀ ನನ್ನ ಮಾತೇ ಹತ್ತಿಸ್ಕೊಂಡೆ. ಹುಡುಗನಿಗೆ ನಿಲ್ಲೋಕೆ ಜಾಗ ಎಲ್ಲಿತ್ತು?" ದನಿ ಇನ್ನಷ್ಟು ತಗ್ಗಿತು. "ಇಷ್ಟು ದಿನ ಆಯ್ತು, ಮನೇಲಿ ಯಾರೂ ಇಲ್ಲ. ಮನೆ ಬಿಟ್ಟೇ ಹೋಗಿರ್ಬೇಕು. ಬಾಗಿಲಿಗೆ ಬಂದು ಕರೀಬೇಕಂತೆ. ಕರೆಯೋಕೆ ಯಾರವ್ರೆ ಈಗ? ಹೋಗ್ಲಿ. ವಾಪಸ್ ಹೋಗ್ತೀನಿ. ಅಲ್ಲೇ ಸಮುದ್ರ ಐತೆ, ಅದಾದ್ರೂ ಮಾತಾಡುತ್ತೆ."

ನಾನು ಹೋಗಿದ್ದದ್ದು ಎಲ್ಲಿಗೂ ಅಲ್ಲ, ಮೊಳದಷ್ಟು ಆಚೆಗೆ. ಪೆನ್ನಿನ ತುದಿಯಿಂದ ಒಂದು ಹನಿ ಮಸಿ ಹಾಳೆಯ ಮೇಲೆ ಬಿತ್ತು. ಅದರ ಸದ್ದು ಅಪ್ಪನಿಗೆ ಕೇಳಿಸೀತೆಂದು ಉಸಿರು ಬಿಗಿಹಿಡಿದೆ. ಕಿವಿ ಇನ್ನೂ ಬಂದಿಲ್ಲ, ಬಂದಿರುವುದು ಬರೀ ದನಿ ಎಂದು ಕಮಲಾಕ್ಷಮ್ಮನ ಮನೆಯಿಂದ ದಿನವೂ ಕೇಳಿದ್ದೆ. ಆದರೆ ಆಕೆಯ ಮಾತಿಗೆ ಅಲ್ಲಿ ಉತ್ತರ ಬರುತ್ತಿದ್ದದ್ದನ್ನೂ ಕೇಳಿದ್ದೆ.

ಆಳುಗಳು ಬರುವ ದಿನ ಬೆಳಿಗ್ಗೆ ಎದ್ದಾಗ ಗೋಡೆ ಖಾಲಿಯಾಗಿತ್ತು, ಮನೆಯಲ್ಲಿ ದನಿಯೂ ಇರಲಿಲ್ಲ. ಎಲ್ಲರ ಮನೆಯಲ್ಲೂ ಹಾಗೆಯೇ. ನೆರಳು, ದನಿಗಳು ತಾವಾಗಿ ನಿಲ್ದಾಣಕ್ಕೆ ಹೋಗಿ ಗಾಜಿನ ಬಾಗಿಲಿನ ಹೊಸ್ತಿಲಲ್ಲಿ ಕಾಯುತ್ತಿದ್ದವು. ದಾಟಿ ಬಂದವರಿಗೆ ಅಲ್ಲೇ ಸೇರಿಕೊಳ್ಳಬೇಕು. ಕಮಲಾಕ್ಷಮ್ಮ ರೇಷ್ಮೆ ಸೀರೆ ಉಟ್ಟು ಹೊರಟಿದ್ದರು. ಅವರು ಕರೆಯಲು ಹೋಗುತ್ತಾರೆಂದು ನಾನು ಎಣಿಸಿರಲಿಲ್ಲ. ನನ್ನ ಮುಖ ನೋಡಿ ಅವರೇ ಹೇಳಿದರು: "ಜಗಳ ಆಡೋಕೆ ದನಿ ಸಾಕು ಕಣಪ್ಪ. ಆಡಿದ್ಮೇಲೆ ಮುಖ ಆ ಕಡೆ ತಿರುಗಿಸ್ಕೊಂಡು ಮಲ್ಕೊಳ್ಳೋಕೆ ಆಳು ಬೇಕಲ್ಲ."

ಒಳಗಿನ ಹಾಲಿನಲ್ಲಿ ಹಗ್ಗ ಕಟ್ಟಿದ್ದರು. ಅದರಾಚೆ ಪ್ರಯಾಣಿಕರು ಕುಳಿತಿದ್ದರು. ಟ್ಯೂಬ್‌ಲೈಟಿನ ಕೆಳಗೆ ಒಬ್ಬರಿಗೂ ನೆರಳಿಲ್ಲ. ಬಾಯಿ ಆಡಿಸಿದರೂ ಸದ್ದಿಲ್ಲ. ಒಂದು ಕೂಗಿಗೆ ಒಬ್ಬರೇ ಎದ್ದು ಬರಬೇಕು, ಇಬ್ಬರು ಎದ್ದರೆ ಆ ಕೂಗು ಲೆಕ್ಕಕ್ಕಿಲ್ಲ ಎಂದು ತ್ರಿಯಂಬಕಯ್ಯನವರು ಮೈಕಿನಲ್ಲಿ ಹೇಳಿದರು. ಮೊದಲ ಹೆಂಗಸು ಬಾಗಿಲಿಗೆ ಬಂದು, ಸೆರಗು ಸರಿ ಮಾಡಿಕೊಂಡು, "ರೀ!" ಎಂದಳು. ಇಡೀ ಹಾಲಿನ ಗಂಡಂದಿರೆಲ್ಲ ಎದ್ದು ನಿಂತರು.

"ಲೆಕ್ಕಕ್ಕಿಲ್ಲ," ಎಂದರು ತ್ರಿಯಂಬಕಯ್ಯನವರು. ಮುಂದಿನವಳು "ಏನೂಂದ್ರೆ!" ಎಂದಳು. ಅವರೇ ಮತ್ತೆ ಎದ್ದರು. ಮೂರನೆಯವಳು "ಇವ್ರೇ!" ಎಂದಳು. ಗಂಡಂದಿರಿಗೆ ಎದ್ದು ಕೂತು ಸುಸ್ತಾಯಿತು.

"ಹೆಸರು ಹೇಳಿ ಕರೀರಮ್ಮ!"

"ಗಂಡನ ಹೆಸ್ರು ಹೇಳೋದಾ? ಆಯಸ್ಸು ಕಮ್ಮಿ ಆಗುತ್ತೆ ಸಾರ್. ಅಂಥಾ ಕಾಯಿಲೆಯಿಂದ ಉಳ್ಕೊಂಡು ಬಂದವ್ರನ್ನ ನಾನ್ಯಾಕೆ ಸಾಯಿಸ್ಲಿ?"

ಗಂಡಸರದೂ ಅದೇ ಪಾಡು. "ಅಪ್ಪಾ" ಎಂದರೆ ಮುದುಕರೆಲ್ಲ ಏಳುತ್ತಿದ್ದರು. ಹೆಸರು ಕೂಗಿ ಎಂದರೆ ಮಕ್ಕಳು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. "ನಿಮ್ಮ ತಂದೆಯೋರ ಹೆಸ್ರು ಏನು ಸಾರ್, ನೀವೇ ಒಂದ್ಸಲ ಕೂಗಿ ತೋರಿಸಿ," ಎಂದು ಯಾರೋ ಹಿಂದಿನಿಂದ ಕೇಳಿದಾಗ ತ್ರಿಯಂಬಕಯ್ಯನವರು ಮೈಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ನೀರು ಕುಡಿದರು. ಆಕಾಶವನ್ನೇ ಮುಚ್ಚಿ ತೆರೆದ ಊರು, ಒಂದು ಹೆಸರಿಗೆ ಸಿಕ್ಕಿಬಿದ್ದು ನಿಂತಿತ್ತು.

ದಾರಿ ತೋರಿಸಿದ್ದು ಕಮಲಾಕ್ಷಮ್ಮ. ಮದುವೆಯ ಮನೆಯಲ್ಲಿ ಹೊಸಿಲು ತಡೆದು ಹೆಸರು ಕೇಳಿದಾಗ ಹುಡುಗಿಯರು ಒಗಟಿನಲ್ಲಿ ಗಂಡನ ಹೆಸರು ಹೇಳುತ್ತಾರಲ್ಲ, ಹಾಗೆ ಒಂದು ಕೈ ಸೊಂಟದ ಮೇಲಿಟ್ಟು ರಾಗವಾಗಿ ಎತ್ತಿದರು:

"ಮೋಡದ ಮ್ಯಾಲೆ ಹಾರಿ ಬಂತು ಕಬ್ಬಿಣದ ಹಕ್ಕಿ, ಅದರೊಳಗೆ ಕೂತವ್ರೆ ಗುರುಸಿದ್ದಯ್ಯ, ನನ್ನ ಪಾಲಿನ ಚುಕ್ಕಿ!"

ಹಾಲಿನಿಂದ ಹೊಟ್ಟೆಯೊಂದು ನಾಚಿಕೊಂಡು ಎದ್ದು ಬಂತು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಹೆಂಗಸರಿಗೆ ಕಷ್ಟವಾಗಲಿಲ್ಲ. ಬೆಳ್ಳಿ ಬಟ್ಟಲು, ಬೆಲ್ಲದ ಅಚ್ಚು, ಮಲ್ಲಿಗೆ ಮೊಗ್ಗು ಎಲ್ಲ ಹೊರಬಿದ್ದು ಗಂಡಂದಿರು ಸಾಲಾಗಿ ಹೊಸ್ತಿಲು ದಾಟಿದರು. ಆದರೆ ಅಪ್ಪಂದಿರಿಗೆ ಒಗಟು ಕಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಹಾಲಿನಲ್ಲಿ ಉಳಿದವರೆಲ್ಲ ಹೆಚ್ಚಾಗಿ ಅಪ್ಪಂದಿರೇ. ನನ್ನ ಸರದಿ ಬಂದಾಗ ವಾಪಸಾಗುವವರು ವಿಮಾನ ಹತ್ತಬೇಕೆಂದು ಮೈಕಿನಲ್ಲಿ ಹೇಳುತ್ತಿದ್ದರು.

ಅಪ್ಪ ಸಿಕ್ಕಿದ. ಎಲ್ಲರೂ ಕುಳಿತಿದ್ದಾಗ ನಿಂತಿದ್ದವನು ಅವನೊಬ್ಬನೇ. ಬಡವಾಗಿದ್ದ. ಒಂದು ಕೈಯಲ್ಲಿ ಕಂಬ ಹಿಡಿದು, ಬಾಗಿಲಿಗೆ ಬೆನ್ನು ಹಾಕಿ, ವಿಮಾನದ ಕಡೆ ನೋಡುತ್ತಿದ್ದ. ಹತ್ತುವವರಿಲ್ಲದ ಸ್ಟಾಪಿನ ಕಡೆ ಕಂಡಕ್ಟರು ತಿರುಗಿ ನೋಡುವುದಿಲ್ಲ. ನಾನು "ಅಪ್ಪಾ" ಎಂದೆ. ಅದು ನನ್ನ ತುಟಿಯಿಂದ ಆಚೆಗೆ ಹೋಗಲಿಲ್ಲ.

"ಜೋರಾಗಿ," ಎಂದರು ತ್ರಿಯಂಬಕಯ್ಯನವರು.

"ಅಪ್ಪಾ!"

ಉಳಿದ ಮುದುಕರೆಲ್ಲ ತಿರುಗಿದರು. ನನ್ನ ಅಪ್ಪ ತಿರುಗಲಿಲ್ಲ. ತನ್ನನ್ನು ಕರೆಯಲು ಯಾರೂ ಇಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು. ಖಾತ್ರಿ ಮಾಡಿಸಿದವನು ನಾನೇ.

"ಲೆಕ್ಕಕ್ಕಿಲ್ಲ. ಹೆಸರು ಹೇಳ್ರಿ."

ಹೆಸರು ನನಗೆ ಗೊತ್ತಿತ್ತು. ಅರ್ಜಿಗಳಲ್ಲಿ ಬರೆದಿದ್ದೇನೆ. ಬಾಯಿಗೆ ತಂದವನಲ್ಲ. ಇಲ್ಲಿಯೂ ಬರೆಯುತ್ತಿಲ್ಲ. ಅಪ್ಪ ಕಂಬ ಬಿಟ್ಟು, ವಿಮಾನದ ಕಡೆಗೆ ಒಂದು ಹೆಜ್ಜೆ ಇಟ್ಟ. ಆಗ ನನ್ನೊಳಗೆ ಎಷ್ಟೋ ವರ್ಷಗಳಿಂದ ತುಂಬಿಕೊಂಡಿದ್ದ, ನನ್ನದಲ್ಲದ ಒಂದು ಕೂಗು ಎದ್ದು ಬಂತು.

"ಹೋಲ್ಡಾನ್! ಹೋಲ್ಡಾನ್! ಹುಣಸೇಮರ, ಹುಣಸೇಮರ! ಯಾರ್ರೀ ಅದು ಹಿಂದ್ಗಡೆ ನಿಂತಿರೋರು? ಸ್ಟಾಪ್ ಬಂತು, ಇಳೀರಿ! ಮುಂದಿನ ಬಾಗಿಲಿಂದ ಇಳೀರೀ!"

ಗಾಜು ಅದುರಿತು. ತ್ರಿಯಂಬಕಯ್ಯನವರು ಕಿವಿ ಮುಚ್ಚಿಕೊಂಡರು. ಅಪ್ಪನ ಎಡಗೈ ತಾನಾಗಿ ಸೊಂಟದ ಬಳಿ, ಹಿಂದೆ ಟಿಕೆಟ್ಟಿನ ಚೀಲ ತೂಗುತ್ತಿದ್ದ ಜಾಗಕ್ಕೆ ಹೋಯಿತು. ಆಮೇಲೆ ತಿರುಗಿದ. ಯಾರು ಕೂಗಿದ್ದೆಂದು ಬಾಗಿಲ ಬಳಿಯ ಮುಖಗಳಲ್ಲಿ ಹುಡುಕಿದ. ನನ್ನ ಮೇಲೆ ಕಣ್ಣು ಹಾಯ್ದು ಮುಂದೆ ಹೋಗಿ, ಮತ್ತೆ ವಾಪಸು ಬಂತು.

"ಇದು ಹೆಸರಲ್ಲ," ಎಂದರು ತ್ರಿಯಂಬಕಯ್ಯನವರು.

"ಒಬ್ರೇ ತಾನೇ ಬರ್ತಿರೋದು? ಸುಮ್ನೆ ಬಿಡಿ ಸಾರ್," ಎಂದರು ಕಮಲಾಕ್ಷಮ್ಮ, ತಮ್ಮ ಯಜಮಾನರ ತೋಳನ್ನು ಹಿಡಿದುಕೊಂಡೇ.

ಅಪ್ಪ ಹೊಸ್ತಿಲು ದಾಟಿದ. ನೆರಳು ಓಡಿಬಂದು ಅವನ ಕಾಲಿಗೆ ಅಂಟಿಕೊಂಡಿತು. ದನಿ ಗಂಟಲಿಗೆ ಇಳಿಯುವಾಗ ಸ್ವಲ್ಪ ಕೆಮ್ಮಿದ. ನಾನು ಅವನ ಕಾಲು ಮುಟ್ಟಲು ಬಾಗಿದೆ. ಮೇಲಿನಿಂದ ಕೇಳಿಸಿತು: "ಕೊನೇ ಸ್ಟಾಪಲ್ಲಿ ಬರೀ 'ಇಳೀರಿ' ಅನ್ಬಾರ್ದು ಕಣೋ. 'ಸಾಮಾನು ನೋಡ್ಕೊಳ್ಳಿ' ಅಂತಾನೂ ಅನ್ಬೇಕು."

ಅಂದು ಕೂಗಲಾಗದೆ ಉಳಿದ ಮಕ್ಕಳು ನನ್ನನ್ನು ನೋಡಿ ಕಲಿತುಕೊಂಡರು. ಒಬ್ಬ ಪೋಸ್ಟ್‌ಮ್ಯಾನಿನಂತೆ "ಪೋಸ್ಟ್!" ಎಂದ. ಇನ್ನೊಬ್ಬ ತರಕಾರಿ ಗಾಡಿಯವನಂತೆ ಸೊಪ್ಪಿನ ಹೆಸರುಗಳನ್ನು ಕೂಗಿದ. ಅಪ್ಪಂದಿರು ತಮ್ಮ ತಮ್ಮ ಕೂಗಿಗೆ ಎದ್ದು ಬಂದರು. ಶಾನುಭೋಗರೊಬ್ಬರು ಮಾತ್ರ, ಜೀವನವಿಡೀ ಯಾವ ಸದ್ದನ್ನೂ ಮಾಡದೆ ದುಡಿದವರು, ಕರೆಯಲು ಏನೂ ಇಲ್ಲದೆ ವಾಪಸು ಹೋದರು. ಸಂಜೆ ತ್ರಿಯಂಬಕಯ್ಯನವರು ಮೈಕಿನಲ್ಲಿ ಮಾತನಾಡಿ, ನಮ್ಮ ಊರಿನ ವಿಮಾನಯಾನ ಕಾಯಿಲೆಗೆ ಮುಂಚೆ ಇದ್ದದ್ದರ ನಾಲ್ಕರಷ್ಟಾಗಿದೆ, ಇಂಥ ಚೇತರಿಕೆಗೆ ಇನ್ನೊಂದು ಕಾಯಿಲೆಯೇ ಬರಬೇಕು ಎಂದರು. ಜನ ಚಪ್ಪಾಳೆ ತಟ್ಟಿದರು.

ಮನೆಗೆ ನಡೆದುಕೊಂಡೇ ಬಂದೆವು. ಹಳೇ ಸಂತೆಪೇಟೆ ದಾಟುವಾಗ ಅಪ್ಪ ಕೇಳಿದ: "ನನ್ನ ದನಿ ಬಂದಾಗ ಮನೇಲಿ ಯಾರೂ ಇರ್ಲಿಲ್ಲವಲ್ಲೋ. ಎಲ್ಲಿಗೆ ಹೋಗಿದ್ದೆ?"

"ಪ್ರೆಸ್ಸಿಗೆ."

"ಅಷ್ಟೂ ದಿನಾನಾ?"

"ಹ್ಞೂಂ. ಪರೀಕ್ಷೆ ಹತ್ರ ಬಂದಿತ್ತು. ಕೆಲಸ ಜಾಸ್ತಿ."

"ಒಳ್ಳೇದೇ ಆಯ್ತು ಬಿಡು," ಎಂದ ಅಪ್ಪ. "ಯಾರೂ ಇಲ್ಲ ಅಂತ ಏನೇನೋ ಒದರ್ತಿದ್ದೆ." ಸ್ವಲ್ಪ ದೂರ ನಡೆದ ಮೇಲೆ ನನ್ನನ್ನು ಓರೆಗಣ್ಣಿನಲ್ಲಿ ನೋಡಿದ. "ಯಾರೂ ಕೇಳಿಸ್ಕೊಂಡಿಲ್ಲ ತಾನೆ?"

ಈಗ ಅಪ್ಪ ಮನೆಯಲ್ಲಿ ಇದ್ದಾನೆ, ಇಡಿಯಾಗಿ. ಸಾರಿಗೆ ಉಪ್ಪು ಸಾಲದು ಎನ್ನುತ್ತಾನೆ, ಬಚ್ಚಲಿನ ಬಾಗಿಲು ತಟ್ಟುತ್ತಾನೆ. ಆದರೆ ಮಾತಿನ ಮಧ್ಯೆ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ನಿಲ್ಲಿಸಿ ಕಿಟಕಿಯ ಕಡೆ ನೋಡುತ್ತಾನೆ, ಯಾರಿಗೋ ಒಂದು ಸೀಟು ಹಿಡಿದಿಟ್ಟವನಂತೆ. ಸ್ವಲ್ಪ ಹೊತ್ತು ಕಾಯುತ್ತಾನೆ. ಕೆಲವು ದಿನ ನಾನು ಅಲ್ಲಿ ಕೂತು ಎರಡು ಮಾತು ಆಡುತ್ತೇನೆ; ಮಳೆ ಬರಬಹುದು ಎಂದೋ, ಗೈಡಿನಲ್ಲಿ ತಪ್ಪು ಜಾಸ್ತಿ ಎಂದೋ. ಕಪ್ಪೆಚಿಪ್ಪು ಯಾರಿಗೆ ತಂದದ್ದೆಂದು ಕೇಳಿದೆ. ನಿನಗೇ ಎಂದ. ಆ ದಿನಗಳಲ್ಲೆಲ್ಲ ನಾನು ಅದೇ ಕೋಣೆಯಲ್ಲಿ, ಅವನ ಪಕ್ಕದಲ್ಲೇ ಕುಳಿತಿದ್ದೆ ಎಂದು ನಾನು ಅಪ್ಪನಿಗೆ ಹೇಳಲಿಲ್ಲ.